ಗಾಡಿ ಕೀ ಕೊಟ್ಟವರನ್ನೇ ಕಾನೂನು ಕೇಳುತ್ತದೆ

ದಾವಣಗೆರೆಯ ಓದುಗರೊಬ್ಬರ ಪತ್ರಕ್ಕೆ ಈ ಸಲ ಉತ್ತರ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ನನ್ನ ಮಗನಿಗೆ 16 ವರ್ಷ, ಫಸ್ಟ್ ಪಿಯುಸಿ. ಟ್ಯೂಷನ್‌ಗೆ ನನ್ನ ಸ್ಕೂಟರ್ ತಗೊಂಡು ಹೋಗುತ್ತಾನೆ. ನಮ್ಮ ಯಜಮಾನರೇ ಕಲಿಸಿದ್ದಾರೆ. ಓಣಿಯ ಹುಡುಗರೆಲ್ಲ ಓಡಿಸುತ್ತಾರೆ, ಇವನೊಬ್ಬನಿಗೆ ಏನು ಎನ್ನುತ್ತಾರೆ. ಬರುವ ರಜೆಗೆ ಮೂರು ಮನೆಯವರು ಸೇರಿ ಜೋಗ, ಕೊಲ್ಲೂರು, ಮುರುಡೇಶ್ವರಕ್ಕೆ ಹೊರಟಿದ್ದೇವೆ. ಒಟ್ಟು 11 ಜನ, ಎರಡು ಕಾರು. ಚಿಕ್ಕ ಮಗುವಿಗೆ 3 ವರ್ಷ. ಅತ್ತೆ ಮನೆಯಲ್ಲೇ ಉಳಿಯುತ್ತಾರೆ. ನನಗೆ ಎಲ್ಲದಕ್ಕೂ ಭಯ. ಹೇಳಿದರೆ ಎಲ್ಲರೂ ನಗುತ್ತಾರೆ. ನನ್ನ ಭಯ ಜಾಸ್ತಿಯಾಯಿತಾ? ಕಾನೂನಿನ ಪ್ರಕಾರ ಯಾವುದು ತಪ್ಪು, ಯಾವುದು ಸರಿ, ತಿಳಿಸಿ. ಮಗನಿಗೆ ಹೇಗೆ ಹೇಳಲಿ?”

ನಿಮ್ಮ ಭಯ ಜಾಸ್ತಿ ಆಗಿಲ್ಲ, ಅಮ್ಮಾ. ನೀವು ಬರೆದ ಹೆಚ್ಚಿನ ಸಂಗತಿಗಳಿಗೆ ಕಾನೂನಿನಲ್ಲಿ ಒಂದೊಂದು ಕಲಂ ಇದೆ. ಅಂದರೆ ನಿಮಗಿಂತ ಮೊದಲೇ ಇದೇ ಭಯ ಪಟ್ಟವರು ಇದ್ದಾರೆ.

ಮೊದಲು ಸ್ಕೂಟರ್ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪತ್ರದಲ್ಲಿ ನೀವು “ನನ್ನ ಸ್ಕೂಟರ್” ಎಂದು ಬರೆದಿದ್ದೀರಿ. ಆರ್‌ಸಿ ನಿಮ್ಮ ಹೆಸರಿನಲ್ಲಿದೆ ಎಂದುಕೊಳ್ಳುತ್ತೇನೆ. ಹಾಗಿದ್ದರೆ ನಾಳೆ ಮಗ ಎಲ್ಲಾದರೂ ಸಿಕ್ಕಿಬಿದ್ದರೆ, ಅಥವಾ ಯಾರಿಗಾದರೂ ಗುದ್ದಿದರೆ, ಕೋರ್ಟಿನಲ್ಲಿ ನಿಲ್ಲಬೇಕಾದವರು ನೀವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಆಗ ಸೇರಿದ್ದು 199ಎ ಕಲಂ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ, ಆ ಹುಡುಗನ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಎನ್ನುತ್ತದೆ ಅದು. ಶಿಕ್ಷೆ 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಅಷ್ಟೇ ಅಲ್ಲ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅವನು ಒಂದು ಬೈಕ್ ಓಡಿಸುವ ಹಾಗಿಲ್ಲ. ಇದನ್ನು ಮಗನಿಗೆ ಕೂರಿಸಿಕೊಂಡು ಹೇಳಿ. ಜೈಲು, ದಂಡ ಎಂದರೆ ಆ ವಯಸ್ಸಿನವರಿಗೆ ತಲೆಗೆ ಹೋಗುವುದಿಲ್ಲ. 25ರವರೆಗೆ ಲೈಸೆನ್ಸ್ ಇಲ್ಲ ಎಂದರೆ ಹೋಗುತ್ತದೆ.

“ಅವನು ತಗೊಂಡು ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ” ಎಂದು ಹೇಳಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಹೇಳಬಹುದು. ಆದರೆ ಸಾಬೀತು ಮಾಡಬೇಕಾದವರೂ ನೀವೇ. ಮನೆಯವರ ಒಪ್ಪಿಗೆಯಿಂದಲೇ ಹುಡುಗ ಗಾಡಿ ತೆಗೆದಿದ್ದಾನೆ ಎಂದೇ ಕೋರ್ಟು ಮೊದಲು ಭಾವಿಸುತ್ತದೆ. ಹಾಗೆ ಭಾವಿಸಬೇಕು ಎಂದು ಕಲಂನಲ್ಲೇ ಬರೆದಿದೆ. ನಿಜಕ್ಕೂ ಗೊತ್ತಿರಲಿಲ್ಲ ಎಂದೋ, ಅವನು ಒಯ್ಯದಂತೆ ನಾವು ಎಲ್ಲ ಎಚ್ಚರಿಕೆ ತಗೊಂಡಿದ್ದೆವು ಎಂದೋ ಸಾಬೀತು ಮಾಡಿದರೆ ಮಾತ್ರ ಬಚಾವ್. ಫ್ರಿಜ್ ಮೇಲೆ, ಟಿವಿ ಪಕ್ಕದ ಮೊಳೆಗೆ ಕೀ ನೇತುಹಾಕಿ ಎಚ್ಚರಿಕೆ ತಗೊಂಡಿದ್ದೆವು ಎನ್ನಲು ಆಗುವುದಿಲ್ಲ. ನಮ್ಮ ರಾಜ್ಯದ ಕೋರ್ಟುಗಳು ಈ 25,000 ದಂಡವನ್ನು ನಿಜವಾಗಿಯೂ ಹಾಕುತ್ತಿವೆ. ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗನೊಬ್ಬ ಕಾರು ಗುದ್ದಿಸಿ ಇಬ್ಬರು ಸತ್ತಾಗ ಅವನ ಅಪ್ಪ, ಅಜ್ಜ ಇಬ್ಬರೂ ಬಂಧನಕ್ಕೆ ಒಳಗಾದದ್ದು ನಿಮಗೆ ನೆನಪಿರಬಹುದು.

ಇನ್ನು ವಿಮೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಸಂಸಾರವನ್ನು ಬೀದಿಗೆ ತರುವುದು ಇದೇ. ಲೈಸೆನ್ಸ್ ಇಲ್ಲದ ಹುಡುಗ ಒಬ್ಬರಿಗೆ ಗುದ್ದಿದ ಎಂದುಕೊಳ್ಳಿ. ಪೆಟ್ಟು ತಿಂದವರಿಗೆ ಪರಿಹಾರವನ್ನು ವಿಮೆ ಕಂಪನಿಯೇ ಮೊದಲು ಕೊಡಲಿ ಎಂದು ಕೋರ್ಟು ಹೇಳಬಹುದು. ಆದರೆ ಆ ಹಣವನ್ನು ಕಂಪನಿ ಗಾಡಿ ಮಾಲೀಕರಿಂದ ವಸೂಲಿ ಮಾಡುತ್ತದೆ. ದುಡಿಯುವ ಒಬ್ಬ ಮನುಷ್ಯನ ಕಾಲು ಹೋದರೆ ಪರಿಹಾರ ಲಕ್ಷಗಳಲ್ಲಿರುತ್ತದೆ. ನಿಮ್ಮ ಮಗನ ತಪ್ಪಿಗೆ ಇನ್ನೊಂದು ಮನೆಯವರು ಜೀವನಪೂರ್ತಿ ನೋಯುವುದು ಬೇರೆ. ನನಗೆ ಹೆಚ್ಚು ಸಂಕಟವಾಗುವುದು ಅದಕ್ಕೇ.

16ಕ್ಕೇ ಲೈಸೆನ್ಸ್ ಸಿಗುತ್ತದಂತೆ ಎಂದು ನಿಮ್ಮ ಯಜಮಾನರು ಹೇಳಬಹುದು. ಸಿಗುತ್ತದೆ, ಆದರೆ 50 ಸಿಸಿ ದಾಟದ ಗಾಡಿಗೆ ಮಾತ್ರ. ಅಂಥ ಗಾಡಿ ಈಗ ಅಂಗಡಿಯಲ್ಲಿ ಹೆಚ್ಚು ಕಡಿಮೆ ಸಿಗುವುದೇ ಇಲ್ಲ. ನಮ್ಮ ಮನೆಗಳಲ್ಲಿರುವ ಸ್ಕೂಟರುಗಳೆಲ್ಲ 110, 125 ಸಿಸಿಯವು. ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಗಾಡಿ ಒಂದು ಇದೆ. ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, 250 ವಾಟ್‌ಗಿಂತ ಕಡಿಮೆ ಮೋಟಾರು ಇದ್ದರೆ ಕಾನೂನು ಅದನ್ನು ಮೋಟಾರು ವಾಹನ ಎಂದೇ ಎಣಿಸುವುದಿಲ್ಲ. ಮಗನಿಗೆ ಅಂಥದ್ದು ಕೊಡಿಸಬಹುದು. ಆದರೆ ಕಾಗದ ಪತ್ರ ನೋಡಿಯೇ ತಗೊಳ್ಳಿ, ಅಂಗಡಿಯವರ ಬಾಯಿಮಾತು ನಂಬಬೇಡಿ. ವೇಗದ ಲಾಕ್ ತೆಗೆಸಿ 40ರಲ್ಲಿ ಓಡಿಸಿದರೆ ಅದೂ ಮೋಟಾರು ವಾಹನವೇ. ಆಗ ಮತ್ತೆ ಅದೇ 199ಎ. ಕಾನೂನು ಕೇಳಲಿ ಬಿಡಲಿ, ಅದರ ಮೇಲೂ ಹೆಲ್ಮೆಟ್ ಹಾಕಿಸಿ. ಐಎಸ್‌ಐ ಗುರುತಿರುವ, ಗದ್ದದ ಕೆಳಗೆ ಪಟ್ಟಿ ಬಿಗಿಯುವ ಹೆಲ್ಮೆಟ್. ರಸ್ತೆ ಬದಿಯಲ್ಲಿ ಮಾರುವ ಟೊಪ್ಪಿಗೆಯಂಥದ್ದು ಬೇಡವೇ ಬೇಡ.

ಈಗ ಪ್ರವಾಸಕ್ಕೆ ಬರೋಣ. 11 ಜನ, ಎರಡು ಕಾರು. ಐದೈದು ಸೀಟಿನವು ಎಂದರೆ ಹತ್ತು ಸೀಟು. ಉಳಿದ ಒಬ್ಬರು ಯಾರದೋ ಮಡಿಲಲ್ಲಿ. ಆ ಒಬ್ಬರು 3 ವರ್ಷದ ಮಗು ಎಂದು ನನಗೆ ಗೊತ್ತು, ಎಲ್ಲ ಮನೆಯಲ್ಲೂ ಹಾಗೇ ಆಗುವುದು. ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲಿ ಕೂತ ಮಗುವಿನ ತಲೆ ಡ್ಯಾಶ್‌ಬೋರ್ಡ್‌ಗೆ ಒಂದು ಗೇಣು ದೂರದಲ್ಲಿರುತ್ತದೆ. ಗುದ್ದಿದಾಗ ಏರ್‌ಬ್ಯಾಗ್ ತೆರೆದುಕೊಳ್ಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ದೊಡ್ಡವರ ಎದೆಗೆಂದು ಮಾಡಿದ ಆ ಹೊಡೆತ ಬೀಳುವುದು ಮಗುವಿನ ತಲೆಗೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರ ಮಾಡದಿದ್ದರೆ 1,000 ರೂಪಾಯಿ ದಂಡ ಎಂದು 194ಬಿ ಕಲಂ ಹೇಳುತ್ತದೆ. ದಂಡ ಸಣ್ಣದು. ನಾನು ಹೇಳುತ್ತಿರುವುದು ಮಗುವಿನ ಮಾತು. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದಾಗ. ಕಾರು ಎಷ್ಟು ದುಬಾರಿ ಎಂಬುದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ನನ್ನ ಸಲಹೆ ಕೇಳಿದರೆ, ಎರಡು ಕಾರು ಬಿಟ್ಟು ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಳ್ಳಿ. ಎಲ್ಲರಿಗೂ ಸೀಟು ಇರುತ್ತದೆ, ಮಕ್ಕಳೆಲ್ಲ ಒಂದೇ ಗಾಡಿಯಲ್ಲಿ ಕಣ್ಣ ಮುಂದೆ ಇರುತ್ತಾರೆ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಘಾಟಿಯ ತಿರುವುಗಳು ಗೊತ್ತಿರುವ ಡ್ರೈವರ್ ಸಿಗುತ್ತಾರೆ. ಹಳದಿ ಬೋರ್ಡಿನ ಗಾಡಿಯನ್ನೇ ನೋಡಿ. ಪರಿಚಯದವರ ವೈಟ್ ಬೋರ್ಡ್ ಗಾಡಿ ಅಗ್ಗಕ್ಕೆ ಬಾಡಿಗೆಗೆ ಸಿಗುತ್ತದೆ ಎಂದು ಹೋದರೆ, ಪರ್ಮಿಟ್ ಇಲ್ಲದ ಗಾಡಿ ಅದು. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಸ್ವಂತ ಕಾರೇ ಆಗಬೇಕು ಎಂದರೆ, ಓಡಿಸುವವರು ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿ. ಕುಡಿತದ ಮಾತು ಪತ್ರದಲ್ಲಿ ಇಲ್ಲ, ಆದರೂ ಹೇಳುತ್ತೇನೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಂದೇ ಒಂದು ಬಿಯರ್ ಎನ್ನುವವರ ಕೈಯಿಂದ ಸ್ಟೇರಿಂಗ್ ತಗೊಳ್ಳಿ. ನಾಚಿಕೆ ಬೇಡ.

ಮುರುಡೇಶ್ವರದ ಬಗ್ಗೆ ಬರೆಯುವಾಗ ಕೈ ಭಾರವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲ್ಲಿ ಸಮುದ್ರದ ಪಾಲಾದರು. ಡಿಸೆಂಬರ್ ಎಂದರೆ ಮಳೆಗಾಲವಲ್ಲ. ಮಳೆಗಾಲ ಮುಗಿದಿದೆ, ಇನ್ನು ಸಮುದ್ರ ಶಾಂತ ಎಂದು ನಮ್ಮ ಬಯಲುಸೀಮೆಯವರು ನಂಬಿಕೊಂಡಿದ್ದೇವೆ. ಹಾಗೇನೂ ಇಲ್ಲ. ದಡದಲ್ಲಿ ಐದು ನಿಮಿಷ ಸುಮ್ನೆ ನಿಂತು ನೀರು ನೋಡಿ. ಅಲೆಗಳು ಸಾಲಾಗಿ ಒಡೆದು ನೊರೆ ಎಬ್ಬಿಸುತ್ತಿರುತ್ತವೆ. ಆ ಸಾಲಿನ ನಡುವೆ ಒಂದು ಕಡೆ ಅಲೆ ಒಡೆಯುವುದೇ ಇಲ್ಲ. ನೀರು ಸ್ವಲ್ಪ ಕಪ್ಪಾಗಿ, ಸಮತಟ್ಟಾಗಿ ಕಾಣುತ್ತದೆ. ಮಕ್ಕಳಿಗೆ ಇಲ್ಲೇ ಚೆನ್ನಾಗಿದೆ ಎಂದು ಅಲ್ಲಿಗೇ ಇಳಿಸುತ್ತೇವೆ. ಆದರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಹರಿಯುವ ದಾರಿ ಅದು. ಸೊಂಟದ ಮಟ್ಟದ ನೀರಿನಲ್ಲಿ ನಿಂತವರನ್ನೂ ಅದು ಎಳೆದುಕೊಂಡು ಹೋಗುತ್ತದೆ. ಭದ್ರಾ ನಾಲೆಯಲ್ಲಿ ಈಜು ಕಲಿತ ಹುಡುಗರಿಗೆ ಈ ಸೆಳೆತ ಗೊತ್ತಿರುವುದಿಲ್ಲ. ಅವರು ನೇರ ದಡದ ಕಡೆಗೆ ಈಜಿ ಈಜಿ ಸುಸ್ತಾಗುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಬೇಕು. ಸೆಳೆತ ಅಗಲವಿರುವುದಿಲ್ಲ, ದಾಟಿದರೆ ಅಲೆಗಳೇ ದಡದ ಕಡೆಗೆ ತಳ್ಳುತ್ತವೆ. ಇದನ್ನು ಹೊರಡುವ ಮುಂಚೆ ಮನೆಯಲ್ಲೇ ಮಗನಿಗೆ ಹೇಳಿಕೊಡಿ. ಇನ್ನೊಂದು ಮಾತು. ಒಬ್ಬರು ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆಯೇ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ಏನಾದರೂ ತೇಲುವಂಥದ್ದು ಎಸೆಯಿರಿ, ಜೀವರಕ್ಷಕರನ್ನು ಕೂಗಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿಯನ್ನು ನಾವು ಪ್ರತಿ ವರ್ಷ ಅಚ್ಚು ಹಾಕುತ್ತಿದ್ದೇವೆ.

ಕೆಂಪು ಬಾವುಟ ಇದ್ದರೆ, ನೀರಿಗೆ ಇಳಿಯಬಾರದು ಎಂದು ಜಿಲ್ಲಾಡಳಿತ ಆದೇಶ ಹೊರಡಿಸಿದ್ದರೆ, ಇಳಿಯುವುದು ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಇರುವುದು ಇಂಥ ಆದೇಶ ಮುರಿಯುವವರಿಗೆ. ಜನರ ಜೀವಕ್ಕೆ ಅಪಾಯವಾಗುವಂತಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಕೊಲ್ಲೂರಿನ ಹತ್ತಿರ ಅರಿಶಿನಗುಂಡಿ ಜಲಪಾತ ಇದೆ. 2023ರ ಜುಲೈನಲ್ಲಿ ಬಂಡೆಯ ಮೇಲೆ ನಿಂತು ವಿಡಿಯೋ ಮಾಡಿಸುತ್ತಿದ್ದ ಭದ್ರಾವತಿಯ ಯುವಕನೊಬ್ಬ ಜಾರಿಬಿದ್ದ. ಆ ವಿಡಿಯೋವನ್ನು ನಿಮ್ಮ ಮಗನೂ ನೋಡಿರಬಹುದು. ಶವ ಸಿಕ್ಕಿದ್ದು ಸುಮಾರು ಒಂದು ವಾರದ ಮೇಲೆ. ಪಾಚಿ ಹಿಡಿದ ಬಂಡೆ ಕಣ್ಣಿಗೆ ಒಣಗಿದಂತೆ ಕಂಡರೂ ಕಾಲಿಗೆ ಹಾಗಿರುವುದಿಲ್ಲ. ಅಲ್ಲಿನ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಊರಿನ ಹುಡುಗರು ಬೇರೆ ದಾರಿ ತೋರಿಸುತ್ತೇವೆ ಎಂದರೂ ಹೋಗಬೇಡಿ. ಜೋಗದಲ್ಲಿ ಕಟ್ಟೆ, ಬೇಲಿಯ ಈಚೆ ನಿಂತು ನೋಡಿದರೆ ಸಾಕು.

ಅತ್ತೆಯವರ ವಿಷಯ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ, ಒಮ್ಮೆ ನೋಡಿ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಇರುವುದಿಲ್ಲ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸುವುದೇ ಸರಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನ ಮಾಡಲಿ. ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ ಎನ್ನಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಲಿ. ಈ ನಂಬರು, 112, 108 ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಪಕ್ಕದ ಮನೆಯವರು ಬೆಳಿಗ್ಗೆ, ಸಂಜೆ ಒಮ್ಮೆ ಬಂದು ಮಾತಾಡಿಸಿಕೊಂಡು ಹೋಗಲಿ. ಪ್ರವಾಸದ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಊರಿಗೆ ಬಂದ ಮೇಲೆ ಹಾಕಿ. ವಯಸ್ಸಾದವರು ಒಬ್ಬರೇ ಇದ್ದಾರೆ ಎಂದು ಊರಿಗೆಲ್ಲ ಸಾರುವುದು ಯಾಕೆ?

ಮಗನಿಗೆ ಹೇಗೆ ಹೇಳಲಿ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೇಳಬೇಕಾದವರು ನಿಮ್ಮ ಯಜಮಾನರು. ಗಾಡಿ ಕಲಿಸಿದವರು ಅವರು, ಹುಡುಗ ಕೇಳುವುದೂ ಅವರ ಮಾತನ್ನೇ. ಈ ಪುಟವನ್ನು ಮೊದಲು ಅವರಿಗೆ ಓದಲು ಕೊಡಿ. ಇವತ್ತಿನಿಂದ ಗಾಡಿ ಇಲ್ಲ ಎಂದಷ್ಟೇ ಹೇಳಿ ಎದ್ದು ಹೋಗಬೇಡಿ, ಟ್ಯೂಷನ್‌ಗೆ ಹೇಗೆ ಹೋಗುವುದು ಎಂಬುದನ್ನೂ ಅದೇ ಹೊತ್ತಿಗೆ ತೀರ್ಮಾನಿಸಿ. ಸೈಕಲ್ಲೋ, ಸಿಟಿ ಬಸ್ಸೋ, ಓಣಿಯ ನಾಲ್ಕು ಹುಡುಗರು ಸೇರಿ ಒಂದು ಆಟೋವೋ. ಬೆಳಗಿನ ಬ್ಯಾಚ್‌ಗೆ ಅಪ್ಪನೇ ಬಿಟ್ಟು ಬರಬಹುದು. 18 ತುಂಬಿದ ಮೇಲೆ ಸರ್ಕಾರದ ಸಾರಥಿ ಜಾಲತಾಣದಲ್ಲಿ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿಸಿ. ಅದಾಗಿ 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಸ್ಕೂಟರಿನ ಎರಡೂ ಕೀ ನಿಮ್ಮ ಬ್ಯಾಗಿನಲ್ಲಿರಲಿ. ಮನೆಯಲ್ಲಿ ಎಲ್ಲೋ ಇಟ್ಟು ಮರೆತ ಆ ಇನ್ನೊಂದು ಕೀಯನ್ನೂ ಇವತ್ತೇ ಹುಡುಕಿ ತೆಗೆದಿಡಿ.