ಡಾಲಿ ಪಾರ್ಟನ್ ಅವರ ಹಾಡು ಎರಡು ಬಾರಿ ಮೊದಲ ಸ್ಥಾನಕ್ಕೇರಿದ್ದು ನಿಜವೇ?

ನಮಸ್ಕಾರ. ‘ಐ ವಿಲ್ ಆಲ್ವೇಸ್ ಲವ್ ಯೂ’ ಅಮೆರಿಕದ ಪಾಪ್ ಗಾಯಕಿ ವಿಟ್ನಿ ಹ್ಯೂಸ್ಟನ್ ಅವರದೇ ಹಾಡೆಂದು ತಿಳಿದಿದ್ದ ತಾವು, ಅಲ್ಲಿಯದೇ ಗಾಯಕಿ ಡಾಲಿ ಪಾರ್ಟನ್ ಅದನ್ನು ಎರಡು ಬಾರಿ ಕಂಟ್ರಿ ಪಟ್ಟಿಯ (ಅಮೆರಿಕದ ಗ್ರಾಮೀಣ ಮೂಲದ ಕಂಟ್ರಿ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿ) ತುದಿಗೇರಿಸಿದ್ದು ನಿಜವೇ ಎಂದು ಕೇಳಿದ್ದೀರಿ. ನಿಜ.

ಏಳು ವರ್ಷ ಜೊತೆಯಲ್ಲಿ ಹಾಡಿದ್ದ ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ಅವರ ತಂಡವನ್ನು ಬಿಟ್ಟು ಸ್ವಂತ ದಾರಿ ಹಿಡಿಯಲು ನಿರ್ಧರಿಸಿದಾಗ, ಆ ವಿದಾಯವನ್ನು ಹೇಳುವುದಕ್ಕಾಗಿಯೇ ಪಾರ್ಟನ್ ಈ ಹಾಡನ್ನು ಬರೆದರು. ಅದು 1974ರ ಜೂನ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಚಲನಚಿತ್ರವೊಂದಕ್ಕಾಗಿ ಮತ್ತೆ ಹಾಡಿದ ಆವೃತ್ತಿಯು 1982ರ ಅಕ್ಟೋಬರ್‌ನಲ್ಲಿ ಅದೇ ಸ್ಥಾನವನ್ನು ಪಡೆಯಿತು. ವಿಟ್ನಿ ಅವರ 1992ರ ಧ್ವನಿಮುದ್ರಣ ಬಿಲ್‌ಬೋರ್ಡ್‌ನ ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಾದ ಹಾಟ್ 100ರಲ್ಲಿ 14 ವಾರ ಅಗ್ರಸ್ಥಾನದಲ್ಲಿತ್ತು.

ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು ನಡುವಿನ ಒಂದು ಘಟನೆ. ಪ್ರಸಿದ್ಧ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಲು ಬಯಸಿದಾಗ, ಅವರ ವ್ಯವಸ್ಥಾಪಕ ಕರ್ನಲ್ ಪಾರ್ಕರ್ ಪ್ರಕಾಶನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಎಲ್ವಿಸ್ ಅವರನ್ನು ಬಹಳವಾಗಿ ಮೆಚ್ಚುತ್ತಿದ್ದ ಪಾರ್ಟನ್, ಅತ್ತರೂ ಒಪ್ಪಲಿಲ್ಲ. ವಿಟ್ನಿ ಹಾಡಿದಾಗ ಪ್ರಕಾಶನ ಹಕ್ಕಿನ ಗೌರವಧನದಲ್ಲಿ ಅರ್ಧ ಪಾಲು ಪಾರ್ಟನ್ ಅವರ ಕೈತಪ್ಪದೆ ಉಳಿದದ್ದು ಆ ನಿರಾಕರಣೆಯಿಂದಲೇ.

ದಯವಿಟ್ಟು 1974ರ ಮೂಲವನ್ನು ಒಮ್ಮೆ ಕೇಳಿ. ಕೊನೆಯ ಚರಣದಲ್ಲಿ ಅವರು ಹಾಡುವುದನ್ನು ನಿಲ್ಲಿಸಿ, ಎದುರಿಗೆ ಕುಳಿತವರಿಗೆ ಹೇಳುವಂತೆ ಮೆಲ್ಲಗೆ ಮಾತಿನಲ್ಲೇ ಹಾರೈಸುತ್ತಾರೆ.