ಸಾಂತ್ವನದ ಏಳು ಶನಿವಾರಗಳು

ಪ್ರಶ್ನೆ: ನಾನು ಉಡುಪಿ ಕಡೆಯವಳು. ನಾಲ್ಕು ವರ್ಷದಿಂದ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಾನಿರುವ ಮನೆಯ ಅಜ್ಜಿಗೆ ಎಂಬತ್ತೇಳು ವರ್ಷ. ‘ಸಾವ್ತಾ’ ಅಂತ ಕರೆಯುತ್ತೇನೆ, ಇಲ್ಲಿಯ ಮಾತಿನಲ್ಲಿ ಅಜ್ಜಿ ಅಂತಲೇ ಅರ್ಥ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವರು ಲೈಟ್ ಆರಿಸಿ, ಚರ್ಮದ ಚಪ್ಪಲಿ ತೆಗೆದಿಟ್ಟು, ನಾನೆಷ್ಟು ಬೇಡವೆಂದರೂ ಕೇಳದೆ ನೆಲದ ಮೇಲೆ ಕೂತು ಒಂದು ಸಣ್ಣ ಪುಸ್ತಕ ಓದುತ್ತಾ ಅತ್ತರು. ಡಾಕ್ಟರ್ ಬೇಡವೆಂದದ್ದಕ್ಕೆ ಉಪವಾಸವನ್ನು ಮಾತ್ರ ಬಿಟ್ಟಿದ್ದರು. ಎರಡು ಸಾವಿರ ವರ್ಷದ ಹಿಂದೆ ಬಿದ್ದುಹೋದ ದೇವಾಲಯಕ್ಕಾಗಿ ಈ ಅಳು ಎಂದರು. ಅದೇ ವಾರದ ಶನಿವಾರ ಒಳ್ಳೆಯ ಬಟ್ಟೆ ಹಾಕಿಸಿಕೊಂಡು, ‘ಇವತ್ತು ಸಾಂತ್ವನದ ಸಬ್ಬತ್’ ಎಂದು ನಕ್ಕರು. ಅವರ ತಮ್ಮ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಹೊರಡುವಾಗ ಒಂದೇ ವಾಕ್ಯ ಹೇಳುತ್ತಿದ್ದದ್ದೂ ನೆನಪಿದೆ. ತಮ್ಮ ಜನರನ್ನು ಬಿಡಿಸಲು ಬರುವವನೆಂದು ಅವರು ನಂಬಿರುವ ಮೆಸ್ಸೀಯ ಯಾವ ದಿನ ಬೇಕಾದರೂ ಬರಬಹುದು ಎಂದು ಸಾವ್ತಾ ಅನ್ನುತ್ತಾರೆ. ಅಷ್ಟು ಹಳೆಯ ದುಃಖಕ್ಕೆ ಒಂದು ವಾರದಲ್ಲಿ ಸಮಾಧಾನ ಆಗುವುದು ಹೇಗೆ? ಇಷ್ಟು ಕಾಲ ಬಾರದವನನ್ನು ಕಾಯುವುದಾದರೂ ಹೇಗೆ?

ಉತ್ತರ: ನಿಮ್ಮ ಸಾವ್ತಾ ಆ ಶನಿವಾರ ನಕ್ಕಿದ್ದು ನಿಜ. ಆದರೆ ಅವರ ದುಃಖ ಒಂದು ವಾರದಲ್ಲಿ ತೀರಿತ್ತು ಎಂದುಕೊಳ್ಳಬೇಡಿ. ಯಹೂದಿ ಪಂಚಾಂಗವೇ ಅದಕ್ಕೆ ಏಳು ವಾರ ಕೊಡುತ್ತದೆ. ಆ ಏಳು ವಾರಗಳಲ್ಲಿ ನಡೆಯುವುದು ಒಂದು ಸಂಭಾಷಣೆ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಮೊದಲು ಆ ಸಂಜೆಯ ವಿಷಯ. ಅದು ತಿಶಾ ಬಾವ್, ಅಂದರೆ ಆವ್ ತಿಂಗಳ ಒಂಬತ್ತನೆಯ ದಿನ. ಅವರ ತಿಂಗಳೂ ಚಾಂದ್ರಮಾನದ್ದೇ, ಅಮಾವಾಸ್ಯೆ ಕಳೆದು ಶುರುವಾಗುತ್ತದೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಜುಲೈ–ಆಗಸ್ಟ್‌ನಲ್ಲಿ ಬರುವ ಶುಕ್ಲ ನವಮಿಯ ಆಸುಪಾಸು. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮಿನ ಮೊದಲ ದೇವಾಲಯವನ್ನು ಸುಟ್ಟರು, ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯದನ್ನು ಕೆಡವಿದರು. ಎರಡನ್ನೂ ಸಂಪ್ರದಾಯ ಈ ಒಂದೇ ತಿಥಿಗೆ ಸೇರಿಸಿ ನೆನೆಯುತ್ತದೆ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ನೆನಪೂ ಇದೇ ದಿನಕ್ಕೆ ಬಂದು ಕೂಡಿಕೊಂಡಿತು. ಸುಮಾರು ಇಪ್ಪತ್ತೈದು ಗಂಟೆಯ ಉಪವಾಸ. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ.

ಅವರು ಓದುತ್ತಿದ್ದ ಸಣ್ಣ ಪುಸ್ತಕ ಬಹುಶಃ ‘ಪ್ರಲಾಪಗಳು’, ಯೆರೂಸಲೇಮಿನ ನಾಶಕ್ಕೆ ಅಳುವ ಬೈಬಲಿನ ಪುಸ್ತಕ. ಅದರ ಕೊನೆಯ ಸಾಲು ಬಹಳ ಕಠಿಣ: ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟಿದ್ದೀಯಾ, ನಿನ್ನ ಕೋಪ ಅಷ್ಟು ದೊಡ್ಡದೇ ಎಂಬ ಅರ್ಥದಲ್ಲಿ ಮುಗಿಯುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚಲು ಮನಸ್ಸು ಬಾರದೆ, ಸಭೆ ಅದರ ಹಿಂದಿನ ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದುತ್ತದೆ: ‘ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ, ನಾವು ತಿರುಗುತ್ತೇವೆ, ನಮ್ಮ ದಿನಗಳನ್ನು ಹಿಂದಿನಂತೆ ಹೊಸದು ಮಾಡು.’ ಕಠಿಣವಾದ ಸಾಲನ್ನು ಅಳಿಸಲಿಲ್ಲ, ಓದದೆಯೂ ಬಿಡಲಿಲ್ಲ. ಅದನ್ನು ಓದಿದ ಮೇಲೆ ಒಂದು ಹೆಜ್ಜೆ ಹಿಂದೆ ಬಂದು ನಿಂತರು, ಅಷ್ಟೇ.

ಇನ್ನು ಆ ಏಳು ಶನಿವಾರಗಳು. ಪ್ರತಿ ಸಬ್ಬತ್ ಬೆಳಗ್ಗೆ ಸಭಾಮಂದಿರದಲ್ಲಿ ತೋರಾ, ಅಂದರೆ ಮೋಶೆಯ ಐದು ಗ್ರಂಥಗಳ ಒಂದು ಭಾಗ, ಓದಿದ ಬಳಿಕ ಪ್ರವಾದಿಗಳ ಗ್ರಂಥದಿಂದ ಒಂದು ಭಾಗ ಓದುವ ಪದ್ಧತಿ ಇದೆ. ತಿಶಾ ಬಾವ್‌ಗೆ ಮುಂಚಿನ ಮೂರು ವಾರ ಎಚ್ಚರಿಕೆಯ ಮಾತುಗಳು, ನಂತರದ ಏಳು ವಾರ ಸಾಂತ್ವನದ ಮಾತುಗಳು. ಆ ಏಳೂ ಯೆಶಾಯನ ಗ್ರಂಥದಿಂದಲೇ. ಆದರೆ ಪುಸ್ತಕದ ಕ್ರಮದಲ್ಲಿ ಓದುವುದಿಲ್ಲ: 40ನೆಯ ಅಧ್ಯಾಯ, ಆಮೇಲೆ 49, ಆಮೇಲೆ 54, ಅಲ್ಲಿಂದ ಹಿಂದಕ್ಕೆ 51, ಪುನಃ 54ರ ಆರಂಭ, ಕೊನೆಗೆ 60 ಮತ್ತು 61. ಹೀಗೇಕೆ ಹಿಂದೆ ಮುಂದೆ? ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿದ್ದ ಪಂಡಿತ ದಾವಿದ್ ಅಬುದರಹಂ ಇದಕ್ಕೆ ಹಳೆಯ ವ್ಯಾಖ್ಯಾನವೊಂದನ್ನು ದಾಖಲಿಸಿದ್ದಾನೆ. ಒಂದೊಂದು ಭಾಗದ ಮೊದಲ ಮಾತನ್ನು ಸಾಲಾಗಿ ಜೋಡಿಸಿ ನೋಡಿ ಎನ್ನುತ್ತಾನೆ.

ಮೊದಲ ವಾರ ದೇವರು ಪ್ರವಾದಿಗಳಿಗೆ ಹೇಳುತ್ತಾನೆ: ‘ನಹಮು, ನಹಮು ಅಮ್ಮಿ’, ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ. ನಿಮ್ಮ ಸಾವ್ತಾ ನಕ್ಕ ದಿನ ಓದಿದ್ದು ಇದನ್ನೇ. ಪ್ರವಾದಿಗಳು ಹೋಗುತ್ತಾರೆ. ಎರಡನೆಯ ವಾರ ಚೀಯೋನ್, ಅಂದರೆ ಯೆರೂಸಲೇಮ್ ಎಂಬ ತಾಯಿ, ಮುಖ ತಿರುಗಿಸಿ ಹೇಳುತ್ತಾಳೆ: ‘ಕರ್ತನು ನನ್ನನ್ನು ಕೈಬಿಟ್ಟಿದ್ದಾನೆ, ನನ್ನ ಒಡೆಯ ನನ್ನನ್ನು ಮರೆತಿದ್ದಾನೆ.’ ದೂತರನ್ನು ಕಳಿಸಿದರೆ ನನಗೆ ಸಮಾಧಾನ ಆಗುತ್ತದೆಯೇ ಎಂಬುದು ಅವಳ ಮಾತಿನ ಒಳಗುಟ್ಟು. ಪ್ರವಾದಿಗಳು ಹಿಂದಿರುಗಿ ಬರುತ್ತಾರೆ. ಮೂರನೆಯ ವಾರ ಅವರು ಒಪ್ಪಿಸುವ ವರದಿ: ‘ಬಡಪಾಯಿ, ಬಿರುಗಾಳಿಗೆ ಸಿಕ್ಕವಳು, ಸಂತೈಕೆಗೆ ಒಲಿಯದವಳು.’ ಆಗ ನಾಲ್ಕನೆಯ ವಾರ ದೇವರು ತಾನೇ ಎದ್ದು ಬರುತ್ತಾನೆ: ‘ನಾನು, ನಾನೇ ನಿಮ್ಮನ್ನು ಸಂತೈಸುವವನು.’ ಮೂಲದಲ್ಲಿ ‘ಅನೋಖಿ, ಅನೋಖಿ’ ಎಂದು ಎರಡು ಸಲ ಇದೆ. ಮೊದಲ ವಾರ ‘ಸಂತೈಸಿರಿ’ ಎಂಬ ಅಪ್ಪಣೆ ಎರಡು ಸಲ ಬಂದಿತ್ತು. ಈಗ ಆ ಜಾಗದಲ್ಲಿ ‘ನಾನು’ ಎರಡು ಸಲ. ಇದನ್ನು ಮೊದಲ ಬಾರಿ ಗಮನಿಸಿದ ದಿನ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಇದಾದ ನಂತರವೇ ಐದನೆಯ ವಾರ ‘ಹಾಡು, ಬಂಜೆಯೇ’, ಆರನೆಯ ವಾರ ‘ಏಳು, ಬೆಳಗು’, ಏಳನೆಯ ವಾರ ಚೀಯೋನ್ ತಾನೇ ಬಾಯಿಬಿಟ್ಟು ‘ಕರ್ತನಲ್ಲಿ ಹಿಗ್ಗಿ ಹಿಗ್ಗಿ ನಲಿಯುತ್ತೇನೆ’ ಎನ್ನುತ್ತಾಳೆ. ಅಷ್ಟರಲ್ಲಿ ಹೊಸ ವರ್ಷ ಬಾಗಿಲಿಗೆ ಬಂದಿರುತ್ತದೆ.

ಸಾಂತ್ವನವನ್ನು ನಿರಾಕರಿಸುವ ಹಕ್ಕು ನೊಂದವರಿಗೆ ಇದೆ ಎಂದು ಈ ಧರ್ಮ ಒಪ್ಪುತ್ತದೆ. ಒಪ್ಪುವುದಷ್ಟೇ ಅಲ್ಲ, ಆ ನಿರಾಕರಣೆಯನ್ನೇ ಪವಿತ್ರ ಪಾಠವಾಗಿ ಪ್ರತಿ ವರ್ಷ ಸಭೆಯಲ್ಲಿ ಓದಿಸುತ್ತದೆ. ‘ಅಳಬೇಡ, ದೇವರಿಚ್ಛೆ’ ಎಂದು ಯಾರೂ ಚೀಯೋನಿಗೆ ಗದರುವುದಿಲ್ಲ. ಬದಲಾಗುವವನು ಸಂತೈಸುವವನು: ಹೇಳಿ ಕಳಿಸುವುದನ್ನು ಬಿಟ್ಟು ತಾನೇ ಬರುತ್ತಾನೆ. ‘ನಹಮು’ ಎಂಬುದರ ಧಾತುವಿಗೆ ಹೀಬ್ರೂವಿನಲ್ಲಿ ಸಂತೈಸು ಎಂಬ ಅರ್ಥವೂ ಇದೆ, ಮನಸ್ಸು ಬದಲಿಸು ಎಂಬ ಅರ್ಥವೂ ಇದೆ.

ನೀವು ಸಾವಿನ ಮನೆಯಲ್ಲಿ ಕಂಡದ್ದಕ್ಕೂ ಇದಕ್ಕೂ ನಂಟಿದೆ. ಶಿವಾ ಎಂಬ ಏಳು ದಿನದ ಶೋಕದಲ್ಲಿ, ಬಂದವರು ತಾವಾಗಿ ಮಾತು ತೆಗೆಯಬಾರದು, ನೊಂದವರು ಬಾಯಿ ತೆರೆಯುವವರೆಗೆ ಕಾಯಬೇಕು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂತಿದ್ದರಲ್ಲ, ಅದೇ ಮಾದರಿ. (ಅವರು ದಾರಿ ತಪ್ಪಿದ್ದು ಮಾತಾಡಲು ಶುರುಮಾಡಿದ ಮೇಲೆಯೇ.) ಎರಡನೆಯ ದೇವಾಲಯ ನಾಶವಾದ ಕಾಲದಲ್ಲಿ ಬದುಕಿದ್ದ ರಬ್ಬಿ (ಯಹೂದಿ ಧರ್ಮಗುರು) ಯೋಹಾನನ್ ಬೆನ್ ಜಕ್ಕಾಯ್ ಅವರ ಮಗ ಸತ್ತಾಗ ಐವರು ಶಿಷ್ಯರು ಬಂದರಂತೆ. ಒಬ್ಬ ‘ಆದಾಮನಿಗೂ ಮಗ ಸತ್ತಿದ್ದ’ ಎಂದ. ಉಳಿದವರು ಯೋಬ, ಆರೋನ, ದಾವೀದರ ಹೆಸರು ಹೇಳಿದರು. ರಬ್ಬಿ ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟರು: ‘ನನ್ನ ದುಃಖ ಸಾಲದೆಂದು ಅವರದನ್ನೂ ತಂದು ಹೊರಿಸುತ್ತೀಯಾ?’ ಐದನೆಯವನು, ರಾಜ ಒಪ್ಪಿಸಿದ ನಿಧಿಯನ್ನು ಕೆಡದಂತೆ ಕಾಪಾಡಿ ಹಿಂದಿರುಗಿಸಿದವನ ಕಥೆ ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಹೊರಡುವಾಗ ಹೇಳುವ ವಾಕ್ಯದ ಅರ್ಥ ಹೀಗೆ: ‘ಚೀಯೋನಿಗಾಗಿ, ಯೆರೂಸಲೇಮಿಗಾಗಿ ಶೋಕಿಸುವ ಉಳಿದವರ ನಡುವೆ ಆ ತಾಣವು ನಿಮ್ಮನ್ನು ಸಂತೈಸಲಿ.’ ತಾಣ, ‘ಹಮಾಕೋಮ್’, ದೇವರ ಒಂದು ಹೆಸರು. ಜಗತ್ತಿಗೆ ಅವನು ತಾಣ, ಅವನಿಗೆ ಜಗತ್ತು ತಾಣವಲ್ಲ ಎಂದು ಹಿಂದಿನವರು ವಿವರಿಸಿದ್ದಾರೆ. ನಮ್ಮಲ್ಲಿ ಸಾವಿನ ಮನೆಯಿಂದ ‘ಹೋಗಿ ಬರ್ತೀನಿ’ ಎನ್ನದೆ ಎದ್ದು ಬರುತ್ತೇವೆ. ಅವರಲ್ಲಿ ಈ ಒಂದು ಮಾತು ಹೇಳಿ ಹೊರಡುತ್ತಾರೆ. ‘ನಾನು ಸಂತೈಸುತ್ತೇನೆ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ ಎಂಬುದನ್ನು ಗಮನಿಸಿ.

ಇನ್ನು ಕಾಯುವ ಮಾತು. ಯಹೂದಿಗಳು ಈ ಕಾಯುವಿಕೆಯಲ್ಲಿ ಬಹಳ ಪೆಟ್ಟು ತಿಂದವರು. ಕ್ರಿ.ಶ. 132ರಲ್ಲಿ ರೋಮನ್ನರ ವಿರುದ್ಧ ಬಂಡೆದ್ದ ಬರ್ ಕೋಖ್ಬಾನನ್ನು ರಬ್ಬಿ ಅಕೀವರಂಥ ದೊಡ್ಡವರೇ ಮೆಸ್ಸೀಯ ಎಂದರು. 135ರಲ್ಲಿ ಬೇತಾರ್ ಕೋಟೆ ರಕ್ತದಲ್ಲಿ ಬಿತ್ತು. 1665ರಲ್ಲಿ ಇಜ್ಮಿರಿನ ಶಬ್ಬತಾಯ್ ಸೆವಿಯನ್ನು ನಂಬಿ ದೂರದೂರದ ಊರುಗಳಲ್ಲಿ ಜನ ಮನೆಮಾರು ಮಾರಿ ಹೊರಡಲು ಸಿದ್ಧರಾದರು. ಮರುವರ್ಷವೇ ಅವನು ಸುಲ್ತಾನನ ಮುಂದೆ ಮತಾಂತರವಾದ. ತಾಲ್ಮುದ್ ಎಂಬ ಹಳೆಯ ಧರ್ಮಚರ್ಚೆಯ ಗ್ರಂಥದ ರಬ್ಬಿಗಳು ಮೊದಲೇ ಎಚ್ಚರಿಸಿದ್ದರು: ಅಂತ್ಯಕಾಲದ ಲೆಕ್ಕ ಹಾಕುವವರ ಮೂಳೆ ಉದುರಲಿ. ಕಾರಣವನ್ನೂ ಕೊಟ್ಟರು. ಲೆಕ್ಕದ ದಿನ ಬಂದು ಅವನು ಬಾರದಿದ್ದರೆ ಜನ ‘ಇನ್ನು ಬರುವುದೇ ಇಲ್ಲ’ ಎಂದುಬಿಡುತ್ತಾರೆ. ಅಂದರೆ ಆಸೆಯನ್ನು ಉಳಿಸಲೆಂದೇ ಲೆಕ್ಕವನ್ನು ನಿಷೇಧಿಸಿದರು. ವೈದ್ಯನೂ ಪಂಡಿತನೂ ಆಗಿದ್ದ ಮೈಮೊನಿಡೀಸ್, 1172ರ ಸುಮಾರಿಗೆ ಕಿರುಕುಳದಲ್ಲಿದ್ದ ಯೆಮನಿನ ಯಹೂದಿಗಳಿಗೆ ಧೈರ್ಯ ಹೇಳಿ ದೀರ್ಘ ಪತ್ರ ಬರೆದ. ಅಲ್ಲಿ ತಲೆಯೆತ್ತಿದ್ದ ಸುಳ್ಳು ಮೆಸ್ಸೀಯನ ಬಗ್ಗೆಯೂ ಅದರಲ್ಲಿ ಎಚ್ಚರಿಸಿದ. ಮೆಸ್ಸೀಯನ ಕಾಲದಲ್ಲಿ ಪ್ರಕೃತಿಯ ನಿಯಮ ಬದಲಾಗುವುದಿಲ್ಲ, ಹಸಿವು, ಯುದ್ಧ, ಅಸೂಯೆ ಇರುವುದಿಲ್ಲ ಎಂಬುದು ಅವನ ತಿಳಿವಳಿಕೆ.

ನಿಮಗಾಗಿ ತಾಲ್ಮುದಿನ ಒಂದು ಕಥೆಯನ್ನು ಎತ್ತಿಟ್ಟುಕೊಂಡಿದ್ದೇನೆ. ರಬ್ಬಿ ಯೆಹೋಶುವ ಬೆನ್ ಲೇವಿ, ಮೆಸ್ಸೀಯ ಎಲ್ಲಿದ್ದಾನೆ ಎಂದು ಪ್ರವಾದಿ ಎಲೀಯನನ್ನು ಕೇಳಿದರು. ‘ರೋಮಿನ ಬಾಗಿಲಲ್ಲಿ, ರೋಗಪೀಡಿತ ಬಡವರ ನಡುವೆ.’ ಗುರುತು ಹಿಡಿಯುವುದು ಹೇಗೆ? ಅಲ್ಲಿರುವ ಮಿಕ್ಕವರು ಗಾಯದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಅವನೊಬ್ಬ ಮಾತ್ರ ಒಂದನ್ನು ಬಿಚ್ಚಿ, ಅದನ್ನು ಕಟ್ಟಿದ ಮೇಲೆಯೇ ಇನ್ನೊಂದನ್ನು ಬಿಚ್ಚುತ್ತಾನೆ. ಕರೆ ಬಂದರೆ ತಡವಾಗಬಾರದು ಎಂದು. ರಬ್ಬಿ ಹೋಗಿ ‘ಯಾವಾಗ ಬರುತ್ತೀರಿ?’ ಎಂದರು. ‘ಇವತ್ತು’ ಎಂದ. ಬರಲಿಲ್ಲ. ಸುಳ್ಳು ಹೇಳಿದ ಎಂದು ರಬ್ಬಿ ದೂರಿದಾಗ ಅದು ಬೈಬಲಿನ ಕೀರ್ತನೆಯೊಂದರ ಸಾಲಿನ ಆರಂಭವೆಂದು ಎಲೀಯ ಅದನ್ನು ಪೂರ್ತಿ ಮಾಡಿದ: ‘ಇವತ್ತು, ನೀವು ಅವನ ದನಿಗೆ ಕಿವಿಗೊಟ್ಟರೆ.’ ಪಟ್ಟಿ ಬಿಚ್ಚಿ ಕಟ್ಟುವ ಕೆಲಸ ಎಂಥದ್ದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈ ಎಲೀಯನೇ ಬಿಡುಗಡೆಯ ಸುದ್ದಿ ಹೊತ್ತು ಮುಂಚೆ ಬರುವವನು. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಯಹೂದಿಗಳು ಅವನ ಹೆಸರಲ್ಲಿ ಮಲೀದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಸುತ್ತ ಹಣ್ಣುಗಳು. ಅವರಲ್ಲಿ ಬಹಳ ಮಂದಿ ಈಗ ಇಸ್ರೇಲಿನಲ್ಲೇ ಇದ್ದಾರೆ. ಯಾರಾದರೂ ಕರೆದರೆ ಹೋಗಿ ಬನ್ನಿ, ರುಚಿ ನಿಮಗೆ ಹೊಸದಾಗಿರುವುದಿಲ್ಲ.

ಮುಂದಿನ ಬೇಸಿಗೆಗೆ ಒಂದು ಸಣ್ಣ ವಿಷಯ ಗೊತ್ತಿರಲಿ. ತಿಶಾ ಬಾವ್ ದಿನ ‘ಶಾಲೋಮ್’ ಎಂದು ಕುಶಲ ಕೇಳುವ ರೂಢಿ ಇಲ್ಲ, ಹಾಗಾಗಿ ಸಾವ್ತಾ ಉತ್ತರಿಸದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನೆಲದ ಮೇಲೆ ಕೂರುವುದು ನಡುಹಗಲಿನವರೆಗೆ ಮಾತ್ರ. ಉಪವಾಸ ಮುಗಿಯುವುದು ಕತ್ತಲಾದ ಮೇಲೆಯೇ ಆದರೂ, ಮಧ್ಯಾಹ್ನ ತಿರುಗಿತೆಂದರೆ ಎದ್ದು ಕುರ್ಚಿಯಲ್ಲಿ ಕೂರಬಹುದು. ಆ ಹೊತ್ತಿಗೆ ಕುರ್ಚಿಯನ್ನು ಅವರ ಹತ್ತಿರ ಸರಿಸಿ, ಕೈ ಕೊಡಿ.