ಅಮೆರಿಕದ ಪೌರತ್ವ ಇದೆ, ಫೈನಾನ್ಸ್ ಕೆಲಸಕ್ಕೆ ಲಂಡನ್ನೋ ಸಿಂಗಪುರವೋ?

ನ್ಯೂಯಾರ್ಕ್‌ನಲ್ಲಿ ಬ್ಯಾಂಕ್ ಕೆಲಸ, ಹೂಡಿಕೆ ಕ್ಷೇತ್ರದ ವೃತ್ತಿಪರ ಪರೀಕ್ಷೆ ಸಿಎಫ್‌ಎ ಮುಗಿದಿದೆ, ಲಂಡನ್ ಮತ್ತು ಸಿಂಗಪುರ ಎರಡೂ ಕಡೆ ಅವಕಾಶ ಇದೆ, ಯಾವುದು ಮೇಲು ಎಂದು ಕೇಳಿದ್ದೀರಿ. ಸಂಬಳದ ಅಂಕಿಯನ್ನು ಆಮೇಲೆ ಹೋಲಿಸಿ. ಅಮೆರಿಕ ತೆರಿಗೆ ಹಾಕುವುದು ಪೌರತ್ವ ನೋಡಿ. ಎಲ್ಲಿ ಮನೆ ಮಾಡಿದರೂ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಪ್ರತಿವರ್ಷ ರಿಟರ್ನ್ ಸಲ್ಲಿಸಲೇಬೇಕು. ಎರಡು ಊರಿನ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಅಲ್ಲಿದೆ.

ಮೊದಲು ವೀಸಾ, ಚುಟುಕಾಗಿ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸರ್ಕಾರದ ಪರವಾನಗಿ ಪಡೆದ ಸ್ಪಾನ್ಸರ್, ಅಂದರೆ ಕೆಲಸ ಕೊಡುವ ಕಂಪನಿ, ಬೇಕು. 2025ರ ಜುಲೈನಿಂದ ಸಾಮಾನ್ಯ ಸಂಬಳ ಮಿತಿ ವರ್ಷಕ್ಕೆ 41,700 ಪೌಂಡ್, ಇಲ್ಲವೇ ಆ ಹುದ್ದೆಗೆ ನಿಗದಿಯಾದ ದರ, ಯಾವುದು ಹೆಚ್ಚೋ ಅದು. ಸಿಂಗಪುರದ ಎಂಪ್ಲಾಯ್‌ಮೆಂಟ್ ಪಾಸ್‌ಗೆ ಹಣಕಾಸು ಕ್ಷೇತ್ರದಲ್ಲಿ 2025ರಿಂದ ತಿಂಗಳಿಗೆ ಕನಿಷ್ಠ 6,200 ಸಿಂಗಪುರ ಡಾಲರ್. ವಯಸ್ಸು ಏರಿದಂತೆ ಈ ಮಿತಿಯೂ ಏರುತ್ತದೆ. ಸಿಎಫ್‌ಎಗೆ ಎರಡೂ ಕಡೆ ಬೆಲೆ ಇದೆ. ಷೇರು ಮಾರಾಟಕ್ಕೆ ಬೇಕಾದ ಅಮೆರಿಕದ ಪರೀಕ್ಷೆ ಸೀರೀಸ್ 7 ಮಾತ್ರ ಅಮೆರಿಕದ ಹೊರಗೆ ಪರವಾನಗಿಯಾಗಿ ನಡೆಯುವುದಿಲ್ಲ.

ಇನ್ನು ತೆರಿಗೆ. ಲಂಡನ್ನಿನಲ್ಲಿ ಆದಾಯ ತೆರಿಗೆಯ ಗರಿಷ್ಠ ದರ 45%. ಅಲ್ಲಿ ಕಟ್ಟಿದ ತೆರಿಗೆಯನ್ನು ಐಆರ್‌ಎಸ್‌ನ ಫಾರ್ಮ್ 1116ರಲ್ಲಿ ಕ್ರೆಡಿಟ್ ತೆಗೆದುಕೊಂಡರೆ, ಅಂದರೆ ಅಮೆರಿಕದ ತೆರಿಗೆಯಿಂದ ಕಳೆದುಕೊಂಡರೆ, ಸಂಬಳದ ಮೇಲೆ ಅಮೆರಿಕಕ್ಕೆ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಮಿಕ್ಕ ಕ್ರೆಡಿಟ್ 10 ವರ್ಷ ಮುಂದಕ್ಕೆ ಬರುತ್ತದೆ. ಸಿಂಗಪುರದ ಗರಿಷ್ಠ ದರ 24%, ಅಮೆರಿಕದ ಜೊತೆ ಆದಾಯ ತೆರಿಗೆ ಒಪ್ಪಂದವೂ ಇಲ್ಲ. ಅಲ್ಲಿ ಹೆಚ್ಚಿನವರು ವಿದೇಶದ ದುಡಿಮೆಗೆ ವಿನಾಯಿತಿ ಕೇಳುವ ಫಾರ್ಮ್ 2555 ಬಳಸುತ್ತಾರೆ. 2025ಕ್ಕೆ 1,30,000 ಡಾಲರ್‌ವರೆಗಿನ ದುಡಿಮೆಯ ಆದಾಯಕ್ಕೆ ವಿನಾಯಿತಿ. ಆದರೆ ಮಿಕ್ಕ ಮೊತ್ತಕ್ಕೆ ದರ 10%ರಿಂದ ಶುರುವಾಗುವುದಿಲ್ಲ, ವಿನಾಯಿತಿ ಪಡೆದ ಆದಾಯವೂ ಸೇರಿದ್ದರೆ ಯಾವ ದರ ಬೀಳುತ್ತಿತ್ತೋ ಅಲ್ಲಿಂದಲೇ ಶುರು. ದಿನಗಳ ಲೆಕ್ಕದ ಮೇಲೆ ಅರ್ಹತೆ ಪಡೆಯುವುದಾದರೆ 12 ತಿಂಗಳಲ್ಲಿ 330 ಪೂರ್ತಿ ದಿನ ಹೊರದೇಶದಲ್ಲಿರಬೇಕು. ನ್ಯೂಯಾರ್ಕ್ ಕಚೇರಿಗೆ ಪದೇ ಪದೇ ಓಡಾಡುವ ಹುದ್ದೆಯಾದರೆ ಇದು ಕೈಕೊಡುತ್ತದೆ, ಅಲ್ಲಿ ಕೂತು ದುಡಿದ ದಿನಗಳ ಸಂಬಳಕ್ಕೆ ವಿನಾಯಿತಿಯೂ ಸಿಗದು. ಒಮ್ಮೆ ಈ ವಿನಾಯಿತಿ ಕೈಬಿಟ್ಟರೆ ಐಆರ್‌ಎಸ್ ಒಪ್ಪಿಗೆಯಿಲ್ಲದೆ 5 ವರ್ಷ ಮತ್ತೆ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಮೊದಲ ವರ್ಷವೇ ಕ್ರೆಡಿಟ್, ವಿನಾಯಿತಿ ಎರಡೂ ಬಗೆಯಲ್ಲಿ ಲೆಕ್ಕ ಹಾಕಿಸಿ.

ಫೈನಾನ್ಸ್ ಬಲ್ಲವರೂ ಎಡವುವುದು ಸ್ವಂತ ಹೂಡಿಕೆಯಲ್ಲಿ. ಲಂಡನ್ನಿನ ಸಹೋದ್ಯೋಗಿಗಳೆಲ್ಲ ಐಎಸ್‌ಎ ಎಂಬ ತೆರಿಗೆರಹಿತ ಉಳಿತಾಯ ಖಾತೆ ತೆರೆದು ಅಲ್ಲಿನ ಫಂಡ್ ಕೊಳ್ಳುತ್ತಾರೆ. ನಿಮಗೆ ಆ ಫಂಡ್ ಪಿಎಫ್‌ಐಸಿ, ಅಂದರೆ ಅಮೆರಿಕ ಕಠಿಣ ತೆರಿಗೆ ಹಾಕುವ ವಿದೇಶಿ ಹೂಡಿಕೆ ಕಂಪನಿ. ಬೇರೆ ತೆರಿಗೆ ವಿಧಾನ ಆಯ್ಕೆ ಮಾಡಿಕೊಂಡಿರದಿದ್ದರೆ, ಮಾರಿದಾಗ ಬಂದ ಲಾಭವನ್ನು ಇಟ್ಟುಕೊಂಡ ಅಷ್ಟೂ ವರ್ಷಗಳಿಗೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಗರಿಷ್ಠ ದರದ ತೆರಿಗೆ, ಮೇಲೆ ಬಡ್ಡಿ. ಪ್ರತಿ ಫಂಡಿಗೂ ಒಂದೊಂದು ಫಾರ್ಮ್ 8621. ಬೆಂಗಳೂರಿನಲ್ಲಿ ಅಪ್ಪ ಅಮ್ಮ ನಿಮ್ಮ ಹೆಸರಲ್ಲಿ ಕಟ್ಟುತ್ತಿರುವ ಮ್ಯೂಚುವಲ್ ಫಂಡ್ ಎಸ್‌ಐಪಿಗೂ ಇದೇ ಗತಿ. ಅಮೆರಿಕದ ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳುವ ಫಂಡ್) ಕೊಳ್ಳೋಣವೆಂದರೆ, ನಿಯಮದ ಪ್ರಕಾರ ಬೇಕಾದ ಮಾಹಿತಿ ಪತ್ರ ಇಲ್ಲವೆಂದು ಬ್ರಿಟನ್ನಿನ ಬ್ರೋಕರ್‌ಗಳು ಸಾಮಾನ್ಯ ಹೂಡಿಕೆದಾರರಿಗೆ ಮಾರುವುದಿಲ್ಲ. ಹೊರಡುವ ಮೊದಲೇ ವಿದೇಶಿ ವಿಳಾಸ ಒಪ್ಪುವ ಅಮೆರಿಕದ ಬ್ರೋಕರ್ ಖಾತೆ ಗಟ್ಟಿ ಮಾಡಿಕೊಳ್ಳಿ. ಕಂಪನಿಯ ಪಿಂಚಣಿಗೆ ಮಾತ್ರ ಬ್ರಿಟನ್–ಅಮೆರಿಕ ಒಪ್ಪಂದದ ರಕ್ಷಣೆ ಇದೆ, ಅದನ್ನು ಬಿಡಬೇಡಿ.

ಇಷ್ಟೆಲ್ಲ ಇದ್ದರೂ, ತೆರಿಗೆ ಕಟ್ಟಿ ಕೈಗೆ ಉಳಿಯುವುದು ಮುಖ್ಯವಾದರೆ ನನ್ನ ಮತ ಸಿಂಗಪುರಕ್ಕೆ. ಪಿಂಚಣಿ ಮತ್ತು ಸೋಶಿಯಲ್ ಸೆಕ್ಯುರಿಟಿ (ಅಮೆರಿಕದ ಸರ್ಕಾರಿ ನಿವೃತ್ತಿ ಯೋಜನೆ) ಸಲೀಸಾಗಿ ಸಾಗಬೇಕೆಂದರೆ ಲಂಡನ್. ಸಿಂಗಪುರದ ಜೊತೆ ಅಮೆರಿಕಕ್ಕೆ ಸೋಶಿಯಲ್ ಸೆಕ್ಯುರಿಟಿ ಒಪ್ಪಂದವೂ ಇಲ್ಲ.

ಎಲ್ಲಿಗೆ ಹೋದರೂ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವಾರ್ಷಿಕ ವರದಿ, ಮರೆಯಬೇಡಿ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೂ ಎಲ್ಲ ಖಾತೆಗಳನ್ನೂ ತೋರಿಸಬೇಕು, ಬೆಂಗಳೂರಿನ ಎಫ್‌ಡಿ ಸೇರಿ. ಕಂಪನಿಯ ಹಣ ನೋಡಿಕೊಳ್ಳುವ ಟ್ರೆಶರಿ ವಿಭಾಗ ಸೇರಿದರೆ ಇನ್ನೊಂದು ವಿಷಯ: ನೀವು ಸಹಿ ಹಾಕುವ ಅಧಿಕಾರ ಇರುವ ಕಂಪನಿಯ ಖಾತೆಗಳೂ, ಕೆಲವು ವಿನಾಯಿತಿ ಬಿಟ್ಟರೆ, ನಿಮ್ಮ ಎಫ್‌ಬಾರ್‌ನಲ್ಲಿ ಬರಬೇಕು. ಆ ಖಾತೆಗಳ ವಿವರ ಕೊಡಲು ಕಂಪನಿ ಒಪ್ಪುತ್ತದೆಯೇ ಎಂದು ಆಫರ್‌ಗೆ ಸಹಿ ಹಾಕುವ ಮೊದಲೇ ಎಚ್‌ಆರ್‌ನಿಂದ ಬರಹದಲ್ಲಿ ಕೇಳಿಕೊಳ್ಳಿ.